911 ತೆರಿಗೆ ಯಾವ ಲೈನಿಗೆ ಬೀಳುತ್ತೆ, ಯಾವುದಕ್ಕೆ ಬೀಳಲ್ಲ? 40 ನಂಬರಿನ ಬಿಲ್ಲು, ಫೈಬರ್ ಇಂಟರ್ನೆಟ್, ಲಿಫ್ಟ್ ಫೋನು

ಬೆಲ್‌ವ್ಯೂ_ಆಫೀಸು

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯ, ಕಿಂಗ್ ಕೌಂಟಿ, ಬೆಲ್‌ವ್ಯೂನಲ್ಲಿರುವ ಒಂದು ಸಣ್ಣ ಆಫೀಸಿನ ಫೋನ್ ಬಿಲ್ಲಿನಲ್ಲಿ ಬರುವ 911 (ಅಮೆರಿಕದ ತುರ್ತು ಕರೆ ನಂಬರು) ತೆರಿಗೆಯ ಬಗ್ಗೆ ಕೇಳಬೇಕಿತ್ತು. ಅಲ್ಲಿರುವುದು ಇಷ್ಟು:

ಕ್ಲೌಡ್ ಫೋನಿನಲ್ಲಿ (ಇಂಟರ್ನೆಟ್ ಮೇಲೆ ನಡೆಯುವ ಫೋನ್ ಸೇವೆ) ಒಟ್ಟು 40 ನಂಬರು. 14 ನಂಬರು 14 ಮೇಜಿನ ಫೋನುಗಳಿಗೆ. ಒಂದು ಮೇನ್ ನಂಬರು; ಹೊರಗಿನಿಂದ ಬಂದ ಕರೆಯನ್ನು ಆಟೊ ಅಟೆಂಡೆಂಟ್ (ಯಾರಿಗೆ ಯಾವ ಗುಂಡಿ ಅಂತ ಹೇಳಿ ಕರೆ ವರ್ಗಾಯಿಸುವ ಯಂತ್ರದ ದನಿ) ಎತ್ತುತ್ತದೆ, ರಿಸೆಪ್ಷನ್ ಫೋನೂ ಇದೇ ನಂಬರಿನಲ್ಲಿದೆ. ಒಂದು ಫ್ಯಾಕ್ಸ್ ನಂಬರು. ಬಂದದ್ದು ಇಮೇಲಿಗೆ ಹೋಗುತ್ತದೆ, ಇಲ್ಲಿಂದ ಏನೂ ಕಳಿಸುವುದಿಲ್ಲ. ಮಿಕ್ಕ 24 ನಂಬರು ಬ್ಲಾಕ್ ಲೆಕ್ಕದಲ್ಲಿ ಕೊಂಡಾಗ ಬಂದವು, ಯಾರಿಗೂ ಕೊಟ್ಟಿಲ್ಲ.

ಇದಲ್ಲದೆ ತಾಮ್ರದ ಹಳೇ ಲೈನು ಎರಡು (ಒಂದು ಲಿಫ್ಟಿಗೆ, ಒಂದು ಫೈರ್ ಅಲಾರಂ ಪ್ಯಾನೆಲ್ಲಿಗೆ), ಬೇರೆ ಕಂಪನಿಯ 500 ಎಂಬಿಪಿಎಸ್ ಫೈಬರ್ ಇಂಟರ್ನೆಟ್, ಮೂರು ಟ್ಯಾಬ್ಲೆಟ್‌ಗಳಿಗೆ ಬರೀ ಡೇಟಾ ಸಿಮ್.

ಕ್ಲೌಡ್ ಫೋನ್ ಬಿಲ್ಲಿನಲ್ಲಿ ತಿಂಗಳಿಗೆ ಈ ನಾಲ್ಕು ಸಾಲು ಬರುತ್ತಿವೆ:

ರಾಜ್ಯದ 911: 40 × 0.25 = 10.00 ಡಾಲರ್
ಕೌಂಟಿ 911: 40 × 0.70 = 28.00
988 (ಮಾನಸಿಕ ಸಂಕಟದಲ್ಲಿರುವವರ ಸಹಾಯವಾಣಿ): 40 × 0.40 = 16.00
ಇ911 ಸರ್ವೀಸ್ ಫೀ: 40 × 1.50 = 60.00

ಒಟ್ಟು 114 ಡಾಲರ್. ಬಳಸದ ನಂಬರಿಗೂ ಇದನ್ನು ಕಟ್ಟಲೇಬೇಕಾ? ಇಂಟರ್ನೆಟ್ ಬಿಲ್ಲಿನಲ್ಲಿ ಇಂಥ ಸಾಲೇ ಇಲ್ಲ, ಅದು ಸರಿಯೋ ಅಥವಾ ಮುಂದೆ ಒಟ್ಟಿಗೆ ಸೇರಿಸಿ ವಸೂಲಿ ಮಾಡ್ತಾರೋ? ಲಿಫ್ಟ್ ಫೋನಿನ ಗುಂಡಿ ಒತ್ತಿದರೆ ಕರೆ ಹೋಗುವುದು ಮಾನಿಟರಿಂಗ್ ಕಂಪನಿಗೆ, 911ಗೆ ಅಲ್ಲ. ಆದರೂ ಅದರ ಬಿಲ್ಲಿನಲ್ಲಿ 911 ತೆರಿಗೆ ಇದೆ. ಗೊತ್ತಿರುವವರು ತಿಳಿಸಿ.

---

ಟ್ರಂಕ್‌ಲೈನ್

ಮೊದಲು ನಾಲ್ಕನೇ ಸಾಲನ್ನು ಪಕ್ಕಕ್ಕಿಡಿ. 1.50 ಡಾಲರಿನ "ಇ911 ಸರ್ವೀಸ್ ಫೀ" ಸರ್ಕಾರದ್ದಲ್ಲ. ನಂಬರಿನ ಜತೆ ವಿಳಾಸವನ್ನು ಡೇಟಾಬೇಸಿಗೆ ಸೇರಿಸಿ, 911 ಕರೆಯನ್ನು ಸರಿಯಾದ ಕೇಂದ್ರಕ್ಕೆ ತಲುಪಿಸಲು ಫೋನ್ ಕಂಪನಿ ತಾನೇ ಇಟ್ಟ ದರ ಅದು. ಒಪ್ಪಂದದ ವಿಷಯ, ಚೌಕಾಸಿ ಮಾಡಬಹುದು. ಮೇಲಿನ ಮೂರು ಸಾಲು ಮಾತ್ರ ಕಾನೂನಿನವು. ಬಿಲ್ಲಿನಲ್ಲಿ ನಾಲ್ಕನ್ನೂ "ತೆರಿಗೆ ಮತ್ತು ಶುಲ್ಕ" ಅಂತ ಒಂದೇ ತಲೆಬರಹದ ಕೆಳಗೆ ಸೇರಿಸಿಬಿಡುವುದರಿಂದ ಜನ ನಾಲ್ಕನ್ನೂ ಸರ್ಕಾರದ ತಲೆಗೆ ಕಟ್ಟುತ್ತಾರೆ. ನಿಮ್ಮ ಬಿಲ್ಲಿನಲ್ಲಿ ದೊಡ್ಡ ಮೊತ್ತ ಅದೇ ನೋಡಿ, 114ರಲ್ಲಿ 60.

ಈಗ ಕಾನೂನಿನ ಮಾತು. ವಾಷಿಂಗ್ಟನ್‌ನಲ್ಲಿ ಈ ತೆರಿಗೆ ಮೂರು ಬಗೆಯ ಲೈನಿಗೆ ಬೀಳುತ್ತದೆ: ತಾಮ್ರದ ಮಾಮೂಲಿ ಲೈನು, ಮೊಬೈಲ್ ಲೈನು, ಇಂಟರ್ನೆಟ್ ಮೇಲೆ ಹೋಗುವ ಫೋನ್ ಅಂದರೆ ವಾಯ್ಪ್ ಲೈನು. ಮೂರಕ್ಕೂ ದರ ಒಂದೇ: ರಾಜ್ಯಕ್ಕೆ 25 ಸೆಂಟ್, ಕೌಂಟಿಗೆ 70 ಸೆಂಟ್. 988ರದ್ದು ಬೇರೆ ತೆರಿಗೆ. ಅದು 2021ರ ಅಕ್ಟೋಬರಿನಲ್ಲಿ 24 ಸೆಂಟಿನಿಂದ ಶುರುವಾಗಿ 2023ರ ಜನವರಿಯಿಂದ 40 ಸೆಂಟ್ ಆಯಿತು. ಅಲ್ಲಿಗೆ ಲೈನಿಗೆ ತಿಂಗಳಿಗೆ 1.35 ಡಾಲರ್.

ನಿಮ್ಮ ಗಂಟು ಇರುವುದು "ವಾಯ್ಪ್ ಲೈನು" ಅಂದರೆ ಏನು ಅನ್ನುವುದರಲ್ಲಿ. ರಾಜ್ಯದ ಕಾನೂನಿನ 82.14ಬಿ.020ನೇ ವಿಧಿಯಲ್ಲಿ ವ್ಯಾಖ್ಯೆ ಇದೆ, ಒಮ್ಮೆ ಓದಿಕೊಳ್ಳಿ. ಸಾರ ಇಷ್ಟು: ಗ್ರಾಹಕನಿಗೆ ಕೊಟ್ಟ, ಚಾಲ್ತಿಯಲ್ಲಿರುವ ನಂಬರಾಗಿರಬೇಕು, ಅದಕ್ಕೆ ಕರೆ ಬರಲೂ ಬೇಕು, ಅದರಿಂದ ಕರೆ ಹೋಗಲೂ ಬೇಕು, ಅದು ನೇರವಾಗಿ 911 ಕೇಂದ್ರವನ್ನು ಮುಟ್ಟುವಂತಿರಬೇಕು, ಮುಖ್ಯವಾಗಿ ಬಳಸುವ ಜಾಗ ವಾಷಿಂಗ್ಟನ್‌ನಲ್ಲಿರಬೇಕು. ಇವೆಲ್ಲ ಕೂಡಿದರೆ ಮಾತ್ರ ತೆರಿಗೆ.

ಈ ಜರಡಿಯಲ್ಲಿ ನಿಮ್ಮ 40 ನಂಬರು ಹಾಕಿ. ಮೇಜಿನ 14 ಪೂರ್ತಿ ಒಳಗೆ. ಮೇನ್ ನಂಬರು ಬರೀ ಆಟೊ ಅಟೆಂಡೆಂಟ್ ಆಗಿದ್ದರೆ ಹೊರಗೆ ಉಳಿಯುತ್ತಿತ್ತು, ಆದರೆ ರಿಸೆಪ್ಷನ್ ಫೋನು ಅದರ ಮೇಲೇ ಕರೆ ಮಾಡುವುದರಿಂದ ಅದೂ ಒಳಗೆ. ಒಟ್ಟು 15. ಫ್ಯಾಕ್ಸ್ ನಂಬರಿನಿಂದ ಕರೆ ಹೋಗುವುದೇ ಇಲ್ಲ, ಹೊರಗೆ. 24 ಖಾಲಿ ನಂಬರಿಗೆ ಫೋನೂ ಇಲ್ಲ, ಬಳಸುವವರೂ ಇಲ್ಲ, ಹೊರಗೆ.

15 × 1.35 = 20.25. ಈಗ ಕಟ್ಟುತ್ತಿರುವುದು 54. ಕಂಪನಿಯ ಸ್ವಂತ ಫೀ ಕೂಡ 15ಕ್ಕೇ ಇಳಿದರೆ 22.50. ಎಲ್ಲ ಸೇರಿ 42.75, ಅಂದರೆ ತಿಂಗಳಿಗೆ 71.25 ಉಳಿತಾಯ.

ಹೀಗೆ ಯಾಕಾಗುತ್ತದೆ ಅಂದರೆ, ಬಿಲ್ಲಿಂಗ್ ತಂತ್ರಾಂಶ ಪ್ರತಿ ಐಟಂನ ಕೋಡ್ ನೋಡಿ ತೆರಿಗೆ ಹಾಕುತ್ತದೆ. ಬರೀ ಒಳಬರುವ ನಂಬರಿಗೆ "ಡಿಐಡಿ" ಅಂತ ಬೇರೆ ಕೋಡ್ ಇರಬೇಕು. ಸೇಲ್ಸ್‌ನವರು ಆರ್ಡರ್ ಹಾಕುವಾಗ ಎಲ್ಲವನ್ನೂ "ವಾಯ್ಪ್ ಲೈನ್, ಸಂಖ್ಯೆ 40" ಅಂತ ಒಂದೇ ಸಾಲಿನಲ್ಲಿ ಹಾಕಿಬಿಟ್ಟರೆ ಗುಣಿಸುವುದೂ 40ರಿಂದಲೇ. ಯಂತ್ರ ತಪ್ಪಿಲ್ಲ, ಅದಕ್ಕೆ ಕೊಟ್ಟ ಲೆಕ್ಕ ತಪ್ಪು.

ಮಾಡಬೇಕಾದ್ದು: ಅಡ್ಮಿನ್ ಪೋರ್ಟಲ್‌ನಿಂದ ನಂಬರುಗಳ ಪಟ್ಟಿ ಇಳಿಸಿಕೊಳ್ಳಿ. ನಂಬರು, ಯಾರಿಗೆ ಕೊಟ್ಟಿದೆ, ಹೊರಹೋಗುವ ಕರೆ ಇದೆಯೇ, 911 ವಿಳಾಸ ನೋಂದಾಯಿಸಿದೆಯೇ, ಹೀಗೆ ನಾಲ್ಕು ಕಾಲಂ. 24 ಖಾಲಿ ನಂಬರಿಗೂ ಆಫೀಸಿನ ವಿಳಾಸವೇ ನೋಂದಣಿಯಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಬ್ಲಾಕ್ ಕೊಡುವಾಗ ಒಟ್ಟಿಗೆ ತುಂಬಿಬಿಡುತ್ತಾರೆ. ಆ ನೋಂದಣಿ ಇರುವವರೆಗೆ "ಇದು 911 ಮುಟ್ಟುವ ನಂಬರು" ಅಂತ ಅವರು ಹೇಳಬಹುದು. ಅದನ್ನು ಮೊದಲು ತೆಗೆಸಿ, ಹೊರಹೋಗುವ ಕರೆ ನಿಲ್ಲಿಸಿ, ಆಮೇಲೆ ಬಿಲ್ಲಿಂಗ್ ವಿಭಾಗಕ್ಕೆ ಬರೆಯಿರಿ. ನಿಜವಾಗಿ ಬೇಡವೇ ಬೇಡ ಅನ್ನುವ ನಂಬರಿದ್ದರೆ ವಾಪಸ್ ಕೊಟ್ಟುಬಿಡುವುದು ಎಲ್ಲಕ್ಕಿಂತ ಸುಲಭ, ನಂಬರಿನ ಬಾಡಿಗೆಯೂ ಉಳಿಯುತ್ತದೆ. ಆದರೆ ಕೊಟ್ಟ ಮೇಲೆ ಅದೇ ನಂಬರು ಮತ್ತೆ ಸಿಗುತ್ತದೆ ಅಂತ ನಂಬಬೇಡಿ.

---

ಲೆಕ್ಕದಪುಸ್ತಕ

ಇಂಟರ್ನೆಟ್ ಪ್ರಶ್ನೆಗೆ ಉತ್ತರ. ಬರೀ ಇಂಟರ್ನೆಟ್ ಸಂಪರ್ಕಕ್ಕೆ 911 ತೆರಿಗೆ ಇಲ್ಲ, ಬಿಲ್ಲಿನಲ್ಲಿ ಇಲ್ಲದಿರುವುದೇ ಸರಿ. 500 ಎಂಬಿಪಿಎಸ್ ಇರಲಿ, 5 ಗಿಗಾಬಿಟ್ ಇರಲಿ, ಆ ತಂತಿ ತಾನಾಗಿ 911ಗೆ ಕರೆ ಮಾಡಲಾರದು. ಅದರ ಮೇಲೆ ಒಂದು ಫೋನ್ ಸೇವೆ ಕೂರಿಸಿದಾಗ ಆ ಸೇವೆಗೆ ತೆರಿಗೆ.

ಇಂಟರ್ನೆಟ್ ಸಂಪರ್ಕದ ಮೇಲೆ ರಾಜ್ಯಗಳು ತೆರಿಗೆ ಹಾಕದಂತೆ 1998ರಲ್ಲೇ ಅಮೆರಿಕದ ಕೇಂದ್ರ ಸರ್ಕಾರದ ಕಾಯ್ದೆ ಬಂತು. ಮೊದಲು ಕೆಲವು ವರ್ಷಕ್ಕಂತ ಇದ್ದದ್ದು ಮತ್ತೆ ಮತ್ತೆ ಮುಂದುವರಿದು 2016ರಲ್ಲಿ ಕಾಯಂ ಆಯಿತು. ಮುಂಚಿನಿಂದ ತೆರಿಗೆ ಹಾಕುತ್ತಿದ್ದ ಕೆಲವು ರಾಜ್ಯಗಳಿಗೆ ಕೊಟ್ಟಿದ್ದ ವಿನಾಯಿತಿಯೂ 2020ರ ಜೂನ್ ಕೊನೆಗೆ ಮುಗಿಯಿತು. ಅದೇ ಕಾಯ್ದೆಯಲ್ಲಿ 911ಗೆ ಒಂದು ಕಿಂಡಿ ಬಿಟ್ಟಿದ್ದಾರೆ: 911 ಮುಟ್ಟಲು ಬಳಸುವ ಸೇವೆಯ ಮೇಲೆ 911ಗೆಂದೇ ಮೀಸಲಾದ ಶುಲ್ಕ ಹಾಕಬಹುದು, ಆದರೆ ಅದರ ಒಂದು ಪಾಲೂ ಬೇರೆ ಖರ್ಚಿಗೆ ಹೋಗಬಾರದು. ಇದರ ಮೇಲೆ 2008ರ ನೆಟ್ 911 ಕಾಯ್ದೆ ವಾಯ್ಪ್ ಗ್ರಾಹಕರಿಂದ ವಸೂಲಿ ಮಾಡಲು ರಾಜ್ಯಗಳಿಗೆ ದಾರಿ ಕೊಟ್ಟಿತು. ಅಲ್ಲೂ ಷರತ್ತಿದೆ. ಅದೇ ವರ್ಗದ ಮಾಮೂಲಿ ಫೋನ್ ಗ್ರಾಹಕ ಕೊಡುವುದಕ್ಕಿಂತ ವಾಯ್ಪ್ ಗ್ರಾಹಕ ಹೆಚ್ಚು ಕೊಡುವಂತಿರಬಾರದು.

ವಾಟ್ಸ್ಆ್ಯಪ್ ಕರೆಗೆ ಯಾಕಿಲ್ಲ ಅಂತ ಮುಂದಿನ ಪ್ರಶ್ನೆ ಬರುವುದು ಗ್ಯಾರಂಟಿ. ಅದು ಮಾಮೂಲಿ ಫೋನ್ ಜಾಲದ ನಂಬರುಗಳಿಗೆ ಕರೆ ಕಳಿಸುವುದಿಲ್ಲ, ಅಲ್ಲಿಂದ ಪಡೆಯುವುದೂ ಇಲ್ಲ. ಆ್ಯಪ್‌ನಿಂದ ಆ್ಯಪ್‌ಗೆ ಮಾತ್ರ. 911ಗೂ ಹೋಗುವುದಿಲ್ಲ, ತೆರಿಗೆಯೂ ಇಲ್ಲ.

ಮನೆಯಲ್ಲಿ ಟಿವಿ, ಇಂಟರ್ನೆಟ್ ಜತೆ "ಫೋನ್ ಫ್ರೀ" ಅಂತ ಪ್ಯಾಕ್ ತೆಗೆದುಕೊಂಡವರು ಒಂದು ವಿಷಯ ಗಮನಿಸಿ. ಸೇಲ್ಸ್ ಟ್ಯಾಕ್ಸ್ ಬೆಲೆಯ ಶೇಕಡಾ ಲೆಕ್ಕ, ಬೆಲೆ ಸೊನ್ನೆಯಾದರೆ ಅದೂ ಸೊನ್ನೆ. 911 ಹಾಗಲ್ಲ, ಲೈನಿಗೆ ಇಷ್ಟು ಅಂತ. ಮೋಡೆಮ್ಮಿನ ಹಿಂದಿನ ಫೋನ್ ತೂತಿಗೆ ಏನೂ ಚುಚ್ಚದೇ ಇದ್ದರೂ ಲೈನು ಜೀವಂತ ಇರುವವರೆಗೆ ಶುಲ್ಕ ಬರುತ್ತದೆ. ಬೇಡದಿದ್ದರೆ ಫೋನ್ ಭಾಗವನ್ನು ತೆಗೆಸಿ, ಆದರೆ ಪ್ಯಾಕಿನ ರಿಯಾಯಿತಿ ಹೋಗುತ್ತದೆಯೇ ಅಂತ ಮೊದಲು ಕೇಳಿಕೊಳ್ಳಿ. 1.35 ಉಳಿಸಲು ಹೋಗಿ 20 ಡಾಲರ್ ಕಳೆದುಕೊಳ್ಳುವವರೇ ಹೆಚ್ಚು.

ಲಿಫ್ಟ್ ಲೈನು: ಗುಂಡಿ ಯಾವ ನಂಬರಿಗೆ ಕರೆ ಮಾಡುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ಎಕ್ಸ್‌ಚೇಂಜಿಗೆ ಸೇರಿರುವ ಮಾಮೂಲಿ ಲೈನು ಅದು, ಒಂದು ಸಾದಾ ಫೋನು ಸಿಕ್ಕಿಸಿದರೆ 911 ಹತ್ತುತ್ತದೆ. ಆದ್ದರಿಂದ ತೆರಿಗೆ ನ್ಯಾಯವೇ. ಅಲಾರಂ ಲೈನೂ ಹಾಗೇ. ಎರಡಕ್ಕೆ 2.70. ಅದೇ ಒಂದು ಲೈನಿಗೆ ನಾಲ್ಕು ಫೋನು ಸಮಾನಾಂತರ ಜೋಡಿಸಿದ್ದರೂ ಒಂದೇ ತೆರಿಗೆ; ಎಣಿಸುವುದು ಲೈನನ್ನು, ಫೋನನ್ನಲ್ಲ.

ಟ್ಯಾಬ್ಲೆಟ್‌ಗಳ ಡೇಟಾ ಸಿಮ್ಮಿಗೆ ಇಲ್ಲ. ವಾಷಿಂಗ್ಟನ್ ಕಾನೂನು ಬರೀ ಡೇಟಾ ಸಾಗಿಸುವ ಚಾನೆಲ್ಲನ್ನು ಮೊಬೈಲ್ ಲೈನಿನ ವ್ಯಾಖ್ಯೆಯಿಂದ ಬಿಟ್ಟಿದೆ. ಬಿಲ್ಲಿಂಗಿಗೆಂದು ಆ ಸಿಮ್ಮಿಗೂ ಒಂದು ಹತ್ತಂಕಿ ನಂಬರು ಇರುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಆದರೆ ಸ್ವಂತ ನಂಬರಿದ್ದು ತಾನೇ ಕರೆ ಮಾಡಬಲ್ಲ ಕೈಗಡಿಯಾರ ಇದ್ದರೆ ಅದು ಇನ್ನೊಂದು ಲೈನು.

---

ಸಾಗರ_ಸಿಯಾಟಲ್

ತೆರಿಗೆ ಉಳಿಸುವ ಭರದಲ್ಲಿ ಒಂದು ಅಪಾಯ ಆಗಬಾರದು, ಅದಕ್ಕೆ ಬರೀತಿದ್ದೀನಿ. ಪೋರ್ಟಲ್‌ನಲ್ಲಿ 911 ನೋಂದಣಿ ತೆಗೆಯುವಾಗ ಆ ನಂಬರು ಯಾವುದಾದರೂ ಫೋನಿನ ಕಾಲರ್ ಐಡಿ ಆಗಿ ಹೋಗುತ್ತಿದೆಯೇ ಅಂತ ನೋಡಿ. ಎಷ್ಟೋ ಆಫೀಸಿನಲ್ಲಿ 14 ಫೋನೂ ಹೊರಗೆ ಕರೆ ಮಾಡಿದಾಗ ಮೇನ್ ನಂಬರನ್ನೇ ತೋರಿಸುವಂತೆ ಇಟ್ಟಿರುತ್ತಾರೆ. 911 ಕರೆ ಯಾವ ನಂಬರಿನ ಹೆಸರಿನಲ್ಲಿ ಹೋಗುತ್ತದೋ ಆ ನಂಬರಿಗೆ ವಿಳಾಸ ಇರಲೇಬೇಕು. ಇಲ್ಲದಿದ್ದರೆ ಕರೆ ನೇರ ಕಿಂಗ್ ಕೌಂಟಿಯ ಕೇಂದ್ರಕ್ಕೆ ಹೋಗದೆ ದೇಶಕ್ಕೆಲ್ಲ ಒಂದು ಅನ್ನುವಂಥ ರಿಲೇ ಕೇಂದ್ರಕ್ಕೆ ಬೀಳುತ್ತದೆ. ಅಲ್ಲಿನವರು "ಎಲ್ಲಿಂದ ಮಾತಾಡ್ತಿದ್ದೀರಿ" ಅಂತ ಬಾಯಲ್ಲಿ ಕೇಳಿ ಆಮೇಲೆ ವರ್ಗಾಯಿಸಬೇಕು. ಮಾತಾಡಲಾಗದ ಸ್ಥಿತಿಯಲ್ಲಿರುವವರ ಗತಿ ಯೋಚಿಸಿ. ಜತೆಗೆ ವಿಳಾಸವಿಲ್ಲದ ನಂಬರಿನಿಂದ ಹೋದ ಪ್ರತಿ 911 ಕರೆಗೆ 75ರಿಂದ 100 ಡಾಲರ್ ಜಡಿಯುವ ಕಂಪನಿಗಳಿವೆ.

ಮೇಜಿನ ಫೋನಿಗೆ ಮಾಮೂಲಿ ಕರೆಗೆ ಮೇನ್ ನಂಬರು, ತುರ್ತು ಕರೆಗೆ ಆ ಮೇಜಿನ ಸ್ವಂತ ನಂಬರು, ಹೀಗೆ ಎರಡನ್ನೂ ಬೇರೆ ಬೇರೆ ಇಡಲು ಹೆಚ್ಚಿನ ಪೋರ್ಟಲ್‌ಗಳಲ್ಲಿ "ಎಮರ್ಜೆನ್ಸಿ ಕಾಲರ್ ಐಡಿ" ಅಂತ ಬೇರೆ ಖಾನೆ ಇರುತ್ತದೆ. ಅದನ್ನು ತುಂಬಿ. ಕೇಂದ್ರದವರು ವಾಪಸ್ ಕರೆ ಮಾಡಿದರೆ ಆಟೊ ಅಟೆಂಡೆಂಟ್ "ಸೇಲ್ಸ್‌ಗೆ 1 ಒತ್ತಿ" ಅನ್ನಬಾರದು, ಕರೆ ಮಾಡಿದ ಮೇಜೇ ರಿಂಗ್ ಆಗಬೇಕು.

ಬದಲಾವಣೆ ಆದ ಮೇಲೆ ಪರೀಕ್ಷೆಗೆ 911 ಒತ್ತಬೇಡಿ. ಬಹಳ ವಾಯ್ಪ್ ಕಂಪನಿಗಳಲ್ಲಿ 933 ಒತ್ತಿದರೆ ಆ ಫೋನಿನ ನಂಬರು, ನೋಂದಾಯಿತ ವಿಳಾಸ ಓದಿ ಹೇಳುತ್ತದೆ. 15 ಫೋನಿನಿಂದಲೂ ಒಂದೊಂದು ಸಲ ಮಾಡಿ, ಮಹಡಿ ಮತ್ತು ಸೂಟ್ ನಂಬರು ಸರಿಯಿದೆಯೇ ಕೇಳಿಸಿಕೊಳ್ಳಿ. ಬರೀ ಬೀದಿ ವಿಳಾಸ ಸಾಲದು. ರೇ ಬಾಮ್ ಕಾಯ್ದೆಯ ನಿಯಮಗಳ ಪ್ರಕಾರ ಮೇಜಿಗೆ ಕಟ್ಟಿದ ಫೋನುಗಳಿಗೆ 2021ರ ಜನವರಿ 6ರಿಂದ, ಓಡಾಡುವ ಲ್ಯಾಪ್‌ಟಾಪ್ ಫೋನುಗಳಿಗೆ 2022ರ ಜನವರಿ 6ರಿಂದ, ಸಹಾಯಕ್ಕೆ ಬರುವವರು ನೇರ ಬಾಗಿಲಿಗೆ ಬರುವಷ್ಟು ವಿವರ ಹೋಗಬೇಕು.

9 ಒತ್ತಿ ಹೊರ ಲೈನು ಪಡೆಯುವ ಪದ್ಧತಿ ಇದ್ದರೆ, 911 ಮತ್ತು 9-911 ಎರಡೂ ಹತ್ತುವಂತೆ ನೋಡಿಕೊಳ್ಳಿ. 2013ರಲ್ಲಿ ಟೆಕ್ಸಾಸ್‌ನ ಮಾರ್ಷಲ್ ಊರಿನ ಹೋಟೆಲ್ ಕೋಣೆಯಲ್ಲಿ ಕ್ಯಾರಿ ಹಂಟ್ ಅವರ ಮೇಲೆ ಹಲ್ಲೆಯಾದಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು, ಮುಂದೆ 9 ಸೇರಿಸಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ, ಕರೆ ಹೋಗಲೇ ಇಲ್ಲ. ಅವರ ಹೆಸರಿನ ಕ್ಯಾರೀಸ್ ಲಾ 2020ರ ಫೆಬ್ರವರಿ 16ರಿಂದಾಚೆ ಮಾರಿದ, ಹಾಕಿದ ಎಲ್ಲ ಬಹುಲೈನ್ ವ್ಯವಸ್ಥೆಗೂ (ಆಫೀಸು, ಹೋಟೆಲಿನಲ್ಲಿರುವಂಥ ಹಲವು ಫೋನುಗಳ ಒಂದೇ ವ್ಯವಸ್ಥೆ) ಅನ್ವಯ. ಯಾರಾದರೂ 911 ಒತ್ತಿದರೆ ರಿಸೆಪ್ಷನ್‌ಗೋ ಸೆಕ್ಯುರಿಟಿಗೋ ಸೂಚನೆ ಹೋಗಬೇಕು ಅನ್ನುವುದೂ ಅದರಲ್ಲೇ ಇದೆ.

---

ಬೆಲ್‌ವ್ಯೂ_ಆಫೀಸು

ಮೂವರಿಗೂ ಧನ್ಯವಾದ. ಕಂಪನಿಯ ಸಪೋರ್ಟಿಗೆ ಬರೆದರೆ "ನಂಬರು ಆ್ಯಕ್ಟಿವ್ ಇದ್ದರೆ ತೆರಿಗೆ ಬೀಳುತ್ತದೆ, ನಮ್ಮ ಕೈಯಲ್ಲಿಲ್ಲ" ಅಂತ ಒಂದು ಸಾಲಿನ ಉತ್ತರ. ಮುಂದೇನು ಬರೆಯಬೇಕು? ಇನ್ನೊಂದು, ಪೆನ್ಸಿಲ್ವೇನಿಯಾದಲ್ಲೂ ಇಷ್ಟೇ ದೊಡ್ಡ ಶಾಖೆ ತೆರೆಯುವ ಮಾತಿದೆ. ಅಲ್ಲಿ ಲೆಕ್ಕ ಇದೇನಾ?

---

ಟ್ರಂಕ್‌ಲೈನ್

ಸಪೋರ್ಟ್ ಬಿಡಿ ಸರ್, ಅವರಿಗೆ ಇದು ಗೊತ್ತಿರುವುದಿಲ್ಲ. "ಟ್ಯಾಕ್ಸ್" ಅಥವಾ "ಬಿಲ್ಲಿಂಗ್ ಡಿಸ್ಪ್ಯೂಟ್" ವಿಭಾಗಕ್ಕೆ ಲಿಖಿತವಾಗಿ ಹೋಗಬೇಕು. ಖಾತೆ ಸಂಖ್ಯೆ, ಯಾವ ತಿಂಗಳ ಬಿಲ್ಲು, ಯಾವ 25 ನಂಬರು, ಪ್ರತಿಯೊಂದರ ಮುಂದೆ "ಹೊರಹೋಗುವ ಕರೆ ಇಲ್ಲ, 911 ನೋಂದಣಿ ಇಲ್ಲ, ಇಂಥ ದಿನದಿಂದ" ಅಂತ ಬರೆಯಿರಿ. ಪೋರ್ಟಲ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿ. 82.14ಬಿ.020ರ ಪ್ರಕಾರ ಒಳಬರುವ ಮತ್ತು ಹೊರಹೋಗುವ ಕರೆ ಎರಡೂ ಇದ್ದರೆ ಮಾತ್ರ ಲೈನು ಅಂತ ಒಂದೇ ವಾಕ್ಯ ಸಾಕು, ಪುಟಗಟ್ಟಲೆ ಬೇಡ. ಮುಂದಿನ ಬಿಲ್ಲಿನಿಂದ ಕೋಡ್ ಬದಲಿಸಿ, ಹಿಂದಿನದನ್ನು ಕ್ರೆಡಿಟ್ ಕೊಡಿ ಅಂತ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಮೊದಲನೆಯದು ಬೇಗ ಆಗುತ್ತದೆ. ಎರಡನೆಯದಕ್ಕೆ ನಿಮ್ಮ ಒಪ್ಪಂದದಲ್ಲಿ ಬಿಲ್ ತಕರಾರಿನ ಗಡುವು ಎಷ್ಟು ದಿನ ಅಂತ ಇದೆಯೋ ಅದು ಅಡ್ಡ ಬರುತ್ತದೆ, ಈಗಲೇ ತೆರೆದು ನೋಡಿ. ಹಿಂದಿನ ತಿಂಗಳುಗಳಲ್ಲಿ ಆ ನಂಬರಿಗೆ 911 ನೋಂದಣಿ ಇತ್ತಾದರೆ ಕ್ರೆಡಿಟ್ ವಾದ ಸಡಿಲವಾಗುತ್ತದೆ ಅನ್ನುವುದೂ ತಲೆಯಲ್ಲಿರಲಿ.

ಒಂದು ಮಾತು ಅವರ ಪರವಾಗಿಯೂ. ಕಂಪನಿಗಳು ಹೆಚ್ಚು ಎಣಿಸುವುದು ಸುಮ್ಮನೆ ದುರಾಸೆಯಿಂದಲ್ಲ. ಕಡಿಮೆ ಎಣಿಸಿದರು ಅಂತ ಅಲಬಾಮ, ಟೆನೆಸಿ, ಜಾರ್ಜಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಫೋನ್ ಕಂಪನಿಗಳ ಮೇಲೆ ಕೌಂಟಿಗಳೂ 911 ಮಂಡಳಿಗಳೂ ಕೋರ್ಟಿಗೆ ಹೋಗಿವೆ. ಹೆಚ್ಚು ವಸೂಲಿ ಮಾಡಿದರೆ ಗ್ರಾಹಕ ಗೊಣಗುತ್ತಾನೆ, ಕಡಿಮೆ ಮಾಡಿದರೆ ಕೌಂಟಿ ದಾವೆ ಹಾಕುತ್ತದೆ. ಯಾವ ಕಡೆ ವಾಲುತ್ತಾರೆ ನೀವೇ ಹೇಳಿ.

ಅಲಬಾಮದ ದಾವೆಯಿಂದಲೇ ನಿಮಗೆ ಉಪಯೋಗವಾಗುವ ಒಂದು ತೀರ್ಮಾನ ಬಂದಿದೆ. ಹಳೇ ಪಿಆರ್‌ಐ ಸರ್ಕ್ಯೂಟಿನಲ್ಲಿ (ಆಫೀಸುಗಳಿಗೆ ಹಲವು ಕರೆ ಒಟ್ಟಿಗೆ ಸಾಗಿಸುವ ಮಾಮೂಲಿ ಫೋನ್ ಜಾಲದ ಸಂಪರ್ಕ) 24 ಚಾನೆಲ್ಲು; ಒಂದು ಕರೆಗಳನ್ನು ನಿಯಂತ್ರಿಸುವ ಸಿಗ್ನಲಿಂಗಿಗೆ ಹೋಗಿ ಮಾತಿಗೆ ಉಳಿಯುವುದು 23. ಅದರ ಮೇಲೆ 200 ನಂಬರು ತೂಗುಹಾಕಿದ್ದರೂ ಒಂದೇ ಹೊತ್ತಿಗೆ 911 ಒತ್ತಬಲ್ಲವರು 23 ಜನ ಮಾತ್ರ. ಅದೇ ಗ್ರಾಹಕ ವಾಯ್ಪ್‌ಗೆ ಬಂದರೆ 200 ನಂಬರಿಗೂ ಶುಲ್ಕ ಹಾಕಬಹುದೇ ಅನ್ನುವುದು ಪ್ರಶ್ನೆ. ಕೋರ್ಟು ಅದನ್ನು ಕೇಂದ್ರದ ಸಂವಹನ ಆಯೋಗಕ್ಕೆ, ಅಂದರೆ ಎಫ್‌ಸಿಸಿಗೆ ಕಳಿಸಿತು. 2019ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಹೇಳಿದ್ದು: ದರ ಒಂದೇ ಇದ್ದರೆ ಸಾಲದು, ಅಷ್ಟೇ 911 ಕರೆ ಸಾಮರ್ಥ್ಯವಿರುವ ಮಾಮೂಲಿ ಗ್ರಾಹಕ ಕೊಡುವ ಒಟ್ಟು ಮೊತ್ತಕ್ಕಿಂತ ವಾಯ್ಪ್ ಗ್ರಾಹಕನ ಒಟ್ಟು ಮೊತ್ತ ಹೆಚ್ಚಿರಬಾರದು. ನೀವು ಮುಂದೆ ಮೇಜಿಗೊಂದು ಲೈನು ಕೊಳ್ಳುವುದನ್ನು ಬಿಟ್ಟು, ಎಲ್ಲ ಫೋನೂ ಹಂಚಿಕೊಳ್ಳುವ, ಒಮ್ಮೆಗೆ 6 ಕರೆ ಮಾತ್ರ ಹೋಗುವ ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೇಲಿನ ಕರೆ ದಾರಿ) ಹಾಕಿಸಿದರೆ ಈ ವಾದಕ್ಕೆ ಬಲ ಬರುತ್ತದೆ. ಈಗಿನ ವ್ಯವಸ್ಥೆಯಲ್ಲಿ 15 ಫೋನಿನಿಂದಲೂ ಒಟ್ಟಿಗೆ ಕರೆ ಹೋಗುವುದರಿಂದ 15ಕ್ಕಿಂತ ಇಳಿಯುವುದಿಲ್ಲ.

---

ಲೆಕ್ಕದಪುಸ್ತಕ

ಪೆನ್ಸಿಲ್ವೇನಿಯಾ ಲೆಕ್ಕ ಬೇರೆ. ಲೈನಿಗೆ 1.65 ಡಾಲರ್ ಇದ್ದದ್ದು 2024ರ ಮಾರ್ಚ್‌ನಿಂದ 1.95 ಆಗಿದೆ, ರಾಜ್ಯಕ್ಕೆಲ್ಲ ಒಂದೇ ದರ. ಬಹುಲೈನ್ ವ್ಯವಸ್ಥೆಗೆ ಮೆಟ್ಟಿಲು ಇದೆ: ಮೊದಲ 25 ಲೈನಿಗೆ ಪೂರ್ತಿ, 26ರಿಂದ 100ರವರೆಗೆ ಶೇ. 75, 101ರಿಂದ 250ಕ್ಕೆ ಶೇ. 50, 251ರಿಂದ 500ಕ್ಕೆ ಶೇ. 20, ಅದರಾಚೆ ಶೇ. 17.2. ಅಲ್ಲೂ 40 ಲೈನು ಅಂತಲೇ ಎಣಿಸಿಬಿಟ್ಟರೆ 25 × 1.95 = 48.75, ಮಿಕ್ಕ 15ಕ್ಕೆ 1.4625ರಂತೆ 21.94, ಒಟ್ಟು 70.69. ನಿಜವಾದ 15 ಮಾತ್ರ ಎಣಿಸಿದರೆ 29.25, ಮೆಟ್ಟಿಲಿನ ಪ್ರಶ್ನೆಯೇ ಬರುವುದಿಲ್ಲ. ಆರ್ಡರ್ ಹಾಕುವ ದಿನವೇ ಡಿಐಡಿ ಬೇರೆ, ಲೈನು ಬೇರೆ ಅಂತ ಬರೆಸಿ.

ಇನ್ನು ನ್ಯೂಯಾರ್ಕ್‌ಗೆ ಹೋದರೆ ತಂತಿ ಲೈನಿಗೆ ಮೆಟ್ಟಿಲಿಲ್ಲ, ಮಿತಿ ಇದೆ: ಒಂದು ಜಾಗದಲ್ಲಿ ಒಬ್ಬ ಗ್ರಾಹಕನಿಗೆ 75 ಲೈನಿಗಿಂತ ಹೆಚ್ಚಿಗೆ ಹಾಕುವಂತಿಲ್ಲ.

---

ಎಡಿಸನ್‌ವಾಸಿ

ಇದೇ ಎಳೆಯಲ್ಲಿ ಕೇಳಿಬಿಡ್ತೀನಿ. ನ್ಯೂಜೆರ್ಸಿಯಲ್ಲಿ ಫ್ಯಾಮಿಲಿ ಪ್ಲಾನ್, ನಾಲ್ಕು ಲೈನು, ಪ್ರತಿ ಲೈನಿಗೆ 90 ಸೆಂಟ್ ಬರುತ್ತಿದೆ. ಒಬ್ಬ ಮಗ ಷಿಕಾಗೋದಲ್ಲಿ ಓದುತ್ತಿದ್ದಾನೆ. ಅವನ ಲೈನಿಗೆ ಯಾವ ಊರಿನ ಶುಲ್ಕ? ಊರಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಪ್ರೀಪೇಯ್ಡ್ ಸಿಮ್ ಕೊಡಿಸಿದರೆ ಅದಕ್ಕೆ ಹೇಗೆ?

---

ಲೆಕ್ಕದಪುಸ್ತಕ

ಮೊಬೈಲಿಗೆ ನಂಬರಿನ ಏರಿಯಾ ಕೋಡ್ ಲೆಕ್ಕಕ್ಕಿಲ್ಲ, ಕರೆ ಎಲ್ಲಿಂದ ಮಾಡಿದಿರಿ ಅನ್ನುವುದೂ ಇಲ್ಲ. 2000ದಲ್ಲಿ ಬಂದ ಮೊಬೈಲ್ ತೆರಿಗೆಯ ಕೇಂದ್ರ ಕಾಯ್ದೆ ಪ್ರಕಾರ "ಮುಖ್ಯವಾಗಿ ಬಳಸುವ ಜಾಗ" ಯಾವುದೋ ಅಲ್ಲಿನ ತೆರಿಗೆ. ಅದು ಬೀದಿ ವಿಳಾಸವೇ ಆಗಿರಬೇಕು, ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯದು. ಫ್ಯಾಮಿಲಿ ಪ್ಲಾನಿನಲ್ಲಿ ಬಿಲ್ಲು ಕಟ್ಟುವವರಲ್ಲ, ಆ ಲೈನು ಬಳಸುವವರ ಜಾಗ ನೋಡಬೇಕು. ಆದ್ದರಿಂದ ಕಂಪನಿಗಳು ಬಿಲ್ಲಿಂಗ್ ವಿಳಾಸ ಬೇರೆ, ಲೈನುವಾರು ಬಳಕೆಯ ವಿಳಾಸ ಬೇರೆ ಇಟ್ಟಿರುತ್ತವೆ. ಅಂತರ ಸಣ್ಣದಲ್ಲ: ನ್ಯೂಜೆರ್ಸಿ 0.90, ಷಿಕಾಗೋ ನಗರದಲ್ಲಿ 2018ರಿಂದ ಲೈನಿಗೆ 5 ಡಾಲರ್ ಇತ್ತು, 2025ರಲ್ಲಿ ಇನ್ನೂ ಏರಿತು. ಇಲಿನಾಯ್‌ನ ಮಿಕ್ಕ ಭಾಗದಲ್ಲಿ 1.50 ಇದ್ದರೂ ನಗರದ್ದು ಬೇರೆಯೇ. ಮಗ ರಜೆಗೆ ಮನೆಗೆ ಬರುವ ವಿದ್ಯಾರ್ಥಿಯೋ, ಅಲ್ಲೇ ಬಾಡಿಗೆ ಮನೆ ಮಾಡಿ ನೆಲೆಸಿದ್ದಾನೋ ನೋಡಿ, ನಿಜ ಇರುವಂತೆ ವಿಳಾಸ ಕೊಡಿ. ಉಲ್ಟಾ ಕಡೆಯ ತಪ್ಪೇ ಹೆಚ್ಚು ಕಾಣುವುದು: ಷಿಕಾಗೋ ಬಿಟ್ಟು ಬಂದು ವರ್ಷವಾದರೂ ಲೈನಿನ ವಿಳಾಸ ಬದಲಿಸದೆ ಅಲ್ಲಿನ ಶುಲ್ಕ ಕಟ್ಟುತ್ತಲೇ ಇರುತ್ತಾರೆ.

ಪ್ರೀಪೇಯ್ಡ್‌ಗೆ ತಿಂಗಳ ಬಿಲ್ಲೇ ಇಲ್ಲವಾದ್ದರಿಂದ ಅಂಗಡಿಯವನೇ ಮಾರುವಾಗ ಹಿಡಿದುಕೊಳ್ಳುತ್ತಾನೆ. ಕೆಲವು ರಾಜ್ಯದಲ್ಲಿ ಪ್ರತಿ ಖರೀದಿಗೆ ಇಷ್ಟು ಅಂತ. ವಾಷಿಂಗ್ಟನ್, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಹೀಗೆ. ಟೆಕ್ಸಾಸ್‌ನಲ್ಲಿ ಬೆಲೆಯ ಶೇ. 2. ಪ್ರತಿ ಖರೀದಿಗೆ ಅನ್ನುವ ಕಡೆ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವುದರ ಬದಲು ಆರು ತಿಂಗಳದ್ದು ಒಟ್ಟಿಗೆ ಕೊಂಡರೆ ಶುಲ್ಕ ಆರು ಸಲದ ಬದಲು ಒಂದೇ ಸಲ. ಶೇಕಡಾ ಇರುವ ಕಡೆ ಎರಡೂ ಒಂದೇ. ಹಿರಿಯರಿಗೆ ಇದನ್ನೂ ಹೇಳಿಕೊಡಿ: ಬ್ಯಾಲೆನ್ಸ್ ಮುಗಿದರೂ, ಸಿಮ್ಮೇ ಇಲ್ಲದಿದ್ದರೂ ಮೊಬೈಲಿನಿಂದ 911 ಹೋಗುತ್ತದೆ. ಆದರೆ ಸೇವೆಯಿಲ್ಲದ ಫೋನಿಗೆ ಕೇಂದ್ರದಿಂದ ವಾಪಸ್ ಕರೆ ಬರುವುದಿಲ್ಲ, ಲೈನು ಕಡಿದರೆ ಇವರೇ ಮತ್ತೆ ಮಾಡಬೇಕು.

---

ಸಾಗರ_ಸಿಯಾಟಲ್

ಎಡಿಸನ್‌ನವರಿಗೆ ಒಂದು ಉರಿಯುವ ಸಂಗತಿ: ಆ 90 ಸೆಂಟೆಲ್ಲ 911ಗೇ ಹೋಗುತ್ತದೆ ಅಂದುಕೊಳ್ಳಬೇಡಿ. ಎಫ್‌ಸಿಸಿ ವರ್ಷಾವರ್ಷ ಸಂಸತ್ತಿಗೆ ಕೊಡುವ ವರದಿಯಲ್ಲಿ 911 ಹಣವನ್ನು ಬೇರೆಡೆ ತಿರುಗಿಸುವ ರಾಜ್ಯಗಳ ಪಟ್ಟಿಯಲ್ಲಿ ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತೆ ಮತ್ತೆ ಬಂದಿವೆ. ನಮ್ಮ ಕಡೆ ಈ ತಲೆನೋವೇ ಬೇರೆ ಥರ. ಭಾರತದ 112ಕ್ಕೆ ಫೋನ್ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿಲ್ಲ, ಆ ವ್ಯವಸ್ಥೆಗೆ ಕೇಂದ್ರದ ಹಣ ನಿರ್ಭಯಾ ನಿಧಿಯಿಂದ ಬಂದದ್ದು.

ಬೆಲ್‌ವ್ಯೂ ಅವರಿಗೆ ಕೊನೆಯದಾಗಿ, ತಾಮ್ರದ ಎರಡು ಲೈನು ತೆಗೆದು ಮೊಬೈಲ್ ಗೇಟ್‌ವೇ ಪೆಟ್ಟಿಗೆ (ಸಾದಾ ಫೋನಿನ ಕರೆಯನ್ನು ಮೊಬೈಲ್ ಜಾಲದ ಮೇಲೆ ಕಳಿಸುವ ಸಾಧನ) ಹಾಕಿಸಿ ಅಂತ ಯಾರಾದರೂ ಬರಬಹುದು. ಲೈನ್ ಬಾಡಿಗೆ ಇಳಿಯುತ್ತದೆ ನಿಜ, 911 ತೆರಿಗೆ ಇಳಿಯದು. ಪೆಟ್ಟಿಗೆಯೊಳಗೆ ಒಂದೇ ಸಿಮ್ ಇದ್ದರೂ ಲಿಫ್ಟಿಗೊಂದು, ಅಲಾರಂಗೊಂದು ಕರೆ ಮಾಡುವ ನಂಬರು ಇದ್ದೇ ಇರುತ್ತದೆ, ಎರಡು ಲೈನೇ ಲೆಕ್ಕ. ಪೆಟ್ಟಿಗೆಗೆ ಬ್ಯಾಟರಿ ಎಷ್ಟು ಗಂಟೆ ಅಂತ ಕೇಳಿ, ಏಕೆಂದರೆ ತಾಮ್ರದ ಲೈನಿಗೆ ಕರೆಂಟು ಎಕ್ಸ್‌ಚೇಂಜಿನಿಂದ ಬರುತ್ತಿತ್ತು, ಇದಕ್ಕೆ ನಿಮ್ಮ ಕಟ್ಟಡದ್ದೇ ಬೇಕು. ಅಲಾರಂ ಮಾನಿಟರಿಂಗ್ ಕಂಪನಿ ಮತ್ತು ಅಗ್ನಿಶಾಮಕ ಇಲಾಖೆ ಒಪ್ಪಿ, ಹೊಸ ದಾರಿಯಲ್ಲಿ ಪರೀಕ್ಷಾ ಸಿಗ್ನಲ್ ಮುಟ್ಟಿದ ಮೇಲೆಯೇ ಹಳೇ ಲೈನು ಕತ್ತರಿಸಲು ಹೇಳಿ.